ಪ್ರೈವೇಟ್ ಯಾಕೆ ಬೇಕು: ಕ್ಲಾಸಿನ ಒಳಗು, ಹೊರಗು

(ಇಂಜಿನಿಯರಿಂಗ್ ಕೊನೇ ವರ್ಷದ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಬೋರ್ಡಿನ ಮೇಲೆ ಬರೆದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕ್ಲಾಸಿನ ಫೀಲ್ಡನ್ನು (ಒಳಗಿನ ಡೇಟಾ), ಮೆಥಡನ್ನು (ಅದರ ಮೇಲೆ ಕೆಲಸ ಮಾಡುವ ಕೋಡ್) ಯಾರು ಮುಟ್ಟಬಹುದು ಅಂತ ಹೇಳುವ ಜಾವಾದ ಆ ಟೇಬಲ್ ನಿಮಗೆಲ್ಲ ಗೊತ್ತೇ ಇದೆ. ಎಡಗಡೆ ಪ್ರೈವೇಟ್, ಡೀಫಾಲ್ಟ್, ಪ್ರೊಟೆಕ್ಟೆಡ್, ಪಬ್ಲಿಕ್. ಮೇಲ್ಗಡೆ ಅದೇ ಕ್ಲಾಸ್, ಅದೇ ಪ್ಯಾಕೇಜ್ (ಕ್ಲಾಸ್‌ಗಳ ಗುಂಪು), ಸಬ್‌ಕ್ಲಾಸ್ (ಆ ಕ್ಲಾಸನ್ನು ವಿಸ್ತರಿಸಿದ ಕ್ಲಾಸ್), ಹೊರಗಿನವರು. ನಡುವೆ ಹೌದು, ಇಲ್ಲ, ಹೌದು, ಇಲ್ಲ. ಪರೀಕ್ಷೆಯಲ್ಲಿ ಬರೆದಿದ್ದೀರಿ, ಇಂಟರ್‌ವ್ಯೂನಲ್ಲಿ ಮತ್ತೆ ಕೇಳುತ್ತಾರೆ, ಮತ್ತೆ ಹೇಳುತ್ತೀರಿ. ಟೇಬಲ್ ಸರಿಯಾಗಿಯೇ ಇದೆ. ಆದರೆ ಅದು ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅನ್ನುವುದನ್ನಷ್ಟೇ ಹೇಳುತ್ತದೆ. ಯಾಕೆ ಅನ್ನುವುದನ್ನು ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಎಲ್ಲಾ ಫೀಲ್ಡನ್ನೂ ಪ್ರೈವೇಟ್ ಮಾಡಿ ಎಲ್ಲದಕ್ಕೂ ಅದನ್ನು ಓದಿ ಕೊಡುವ ಒಂದೊಂದು ಗೆಟರ್, ಬದಲಾಯಿಸುವ ಒಂದೊಂದು ಸೆಟರ್ ಹಾಕುತ್ತಾರೆ. ಇಲ್ಲಾಂದ್ರೆ ಕಂಪೈಲರ್ ಎರರ್ ಕೊಟ್ಟ ಕಡೆಯಲ್ಲೆಲ್ಲ ಪ್ರೈವೇಟ್ ಅಳಿಸಿ ಪಬ್ಲಿಕ್ ಬರೆಯುತ್ತಾರೆ. ಇವೆರಡನ್ನೂ ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ, ಯಾಕೆಂದರೆ ಇಷ್ಟು ಒಳ್ಳೆಯ ಒಂದು ಯೋಚನೆ ಸುಮ್ನೆ ಶಾಸ್ತ್ರಕ್ಕೆ ಮಾಡುವ ಕೆಲಸವಾಗಿಬಿಡುತ್ತದೆ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಫೀಲ್ಡ್ ಅಥವಾ ಮೆಥಡ್ ಮುಂದೆ ನೀವು ಬರೆಯುವ ಆ ಪದ ಒಂದು ಪ್ರಶ್ನೆಗೆ ಉತ್ತರ. ನಾಳೆ ಇದನ್ನು ಬದಲಾಯಿಸಬೇಕು ಅಂದರೆ, ಬದಲಾಯಿಸುವ ಮುಂಚೆ ಯಾರ ಯಾರ ಕೋಡ್ ಓದಬೇಕು? ಪ್ರೈವೇಟ್ ಅಂದರೆ ಈ ಒಂದು ಕ್ಲಾಸ್ ಓದಿದರೆ ಸಾಕು. ಪ್ಯಾಕೇಜ್ ಮಟ್ಟದ್ದು (ಯಾವ ಪದವನ್ನೂ ಬರೆಯದಾಗ ಸಿಗುವ ಡೀಫಾಲ್ಟ್) ಅಂದರೆ ಈ ಪ್ಯಾಕೇಜ್ ಓದಬೇಕು. ಪಬ್ಲಿಕ್ ಅಂದರೆ ಯಾರ ಕೋಡ್ ಅಂತ ನಿಮಗೆ ಗೊತ್ತೇ ಇರುವುದಿಲ್ಲ.

ಒಂದು ಖಾತೆ ಕ್ಲಾಸ್ ತಗೊಳ್ಳಿ. ಒಳಗೆ ಬ್ಯಾಲೆನ್ಸ್ ಎಂಬ ಫೀಲ್ಡ್ ಇದೆ, ರೂಪಾಯಿಯಲ್ಲಿ, ಡಬಲ್ ಎಂಬ ದಶಮಾಂಶ ಸಂಖ್ಯೆಯ ಟೈಪಿನಲ್ಲಿ. ಸ್ವಲ್ಪ ದಿನ ಆದಮೇಲೆ ಲೆಕ್ಕ ತಪ್ಪುತ್ತಿದೆ ಅಂತ ಗೊತ್ತಾಗುತ್ತದೆ. ಡಬಲ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ. ಆದ್ದರಿಂದ ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡೋಣ ಅಂತ ತೀರ್ಮಾನ ಮಾಡುತ್ತೀರಿ. ಬ್ಯಾಲೆನ್ಸ್ ಪ್ರೈವೇಟ್ ಆಗಿದ್ದು ಹೊರಗಿನವರಿಗೆ ಜಮೆ ಮಾಡು, ಹಣ ತೆಗೆ, ಇಷ್ಟು ಹಣ ಇದೆಯಾ ಎಂಬ ಮೆಥಡ್‌ಗಳು ಮಾತ್ರ ಕಾಣುತ್ತಿದ್ದರೆ, ಒಂದೇ ಫೈಲ್ ತಿದ್ದಿ ಸಂಜೆಯೊಳಗೆ ಕೆಲಸ ಮುಗಿಸುತ್ತೀರಿ. ಅದು ಪಬ್ಲಿಕ್ ಆಗಿದ್ದರೆ ಇಡೀ ಪ್ರಾಜೆಕ್ಟಿನಲ್ಲಿ ಹುಡುಕಬೇಕು. ರಿಪೋರ್ಟ್ ಬರೆಯುವ ಕೋಡ್ ಅದನ್ನು ನೇರವಾಗಿ ಓದುತ್ತಿದೆ, ಬಡ್ಡಿ ಲೆಕ್ಕ ಹಾಕುವ ಕೋಡ್ ಅದರ ಮೇಲೇ ಗುಣಾಕಾರ ಮಾಡುತ್ತಿದೆ, ಇನ್ನೊಂದು ಟೀಮ್‌ನವರು ಅದಕ್ಕೆ ಬೇರೆ ಬೆಲೆ ಹಾಕುತ್ತಿದ್ದಾರೆ. ಒಂದು ಕಡೆ ಮರೆತರೂ 500 ರೂಪಾಯಿ 500 ಪೈಸೆ ಆಗುತ್ತದೆ. ಕಂಪೈಲರ್ ಅದನ್ನು ಹಿಡಿಯುವುದೂ ಇಲ್ಲ, ಎರಡೂ ಸಂಖ್ಯೆಗಳೇ ಅಲ್ವಾ?

ಪ್ರೈವೇಟ್ ಅಂದ ತಕ್ಷಣ ಎಷ್ಟೋ ಜನರಿಗೆ ಬೀಗ ನೆನಪಾಗುತ್ತದೆ. ದಯವಿಟ್ಟು ಆ ಚಿತ್ರ ಬಿಟ್ಟುಬಿಡಿ. ಪಾಸ್‌ವರ್ಡನ್ನು ಪ್ರೈವೇಟ್ ಫೀಲ್ಡ್‌ನಲ್ಲಿ ಇಟ್ಟರೆ ಅದು ಭದ್ರ ಆಗುವುದಿಲ್ಲ. ಹೀಪ್ ಡಂಪ್ (ಮೆಮೊರಿಯ ನಕಲು) ತೆಗೆದರೆ ಕಾಣುತ್ತದೆ, ಡೀಬಗರ್‌ನಲ್ಲಿ ಕಾಣುತ್ತದೆ, ರಿಫ್ಲೆಕ್ಷನ್ (ಪ್ರೋಗ್ರಾಮ್ ಓಡುವಾಗಲೇ ಕ್ಲಾಸಿನ ಒಳಗನ್ನು ನೋಡುವ ಸೌಲಭ್ಯ) ಬಳಸಿದರೆ ಓದಬಹುದು. ಸಿ ಪ್ಲಸ್ ಪ್ಲಸ್ ಮಾಡಿದ ಬಿಯಾರ್ನೆ ಸ್ಟ್ರೌಸ್ಟ್ರಪ್ ಇದನ್ನು ಮೊದಲಿನಿಂದಲೂ ಸ್ಪಷ್ಟವಾಗಿ ಹೇಳಿದ್ದಾರೆ. ಆ ಭಾಷೆಯ ನಿಯಮಗಳು ಇರುವುದು ಕೈತಪ್ಪಿ ಆಗುವ ಅನಾಹುತ ತಡೆಯುವುದಕ್ಕೆ, ಬೇಕಂತಲೇ ಮೋಸ ಮಾಡುವವರನ್ನು ತಡೆಯುವುದಕ್ಕಲ್ಲ. ಭದ್ರತೆ ಬೇಕಾದರೆ ಎನ್‌ಕ್ರಿಪ್ಷನ್ ಇದೆ, ಬೇರೆ ಪ್ರೊಸೆಸ್ ಇದೆ, ಆಪರೇಟಿಂಗ್ ಸಿಸ್ಟಮ್ ಕೊಡುವ ಅನುಮತಿಗಳಿವೆ. ಅದು ಬೇರೆಯದೇ ವಿಷಯ.

ಯೋಚನೆ ಬಂದದ್ದು ಎಲ್ಲಿಂದ

ಮೊದಲ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ ಅಂತ ಕರೆಯುವ ಸಿಮುಲಾ 67ರಲ್ಲಿ ಈ ಪದಗಳೇ ಇರಲಿಲ್ಲ. ಓಸ್ಲೋದಲ್ಲಿ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಕಟ್ಟಿದ ಭಾಷೆ ಅದು. ಕ್ಲಾಸ್ ಇತ್ತು, ಇನ್‌ಹೆರಿಟೆನ್ಸ್ ಇತ್ತು, ಆದರೆ ಕ್ಲಾಸಿನ ಒಳಗಿನದ್ದೆಲ್ಲ ಹೊರಗಿನವರಿಗೂ ಸಿಗುತ್ತಿತ್ತು. ಮರೆಮಾಡುವ ವ್ಯವಸ್ಥೆಯನ್ನು ಆಮೇಲೆ, 1970ರ ದಶಕದಲ್ಲಿ ಸೇರಿಸಿದರು. ಅಂದರೆ ಕ್ಲಾಸ್ ಮೊದಲು ಬಂತು, ಅದರ ಒಳಗು ಹೊರಗು ಆಮೇಲೆ ಬಂತು. ಪಾಠಗಳಲ್ಲಿ ಇವೆರಡೂ ಒಟ್ಟಿಗೇ ಹುಟ್ಟಿದ ಹಾಗೆ ಕಾಣುತ್ತವೆ.

ಯಾಕೆ ಮರೆಮಾಡಬೇಕು ಅನ್ನುವುದನ್ನು ಗಟ್ಟಿಯಾಗಿ ಹೇಳಿದವರು ಡೇವಿಡ್ ಪಾರ್ನಸ್, 1972ರಲ್ಲಿ, ಒಂದು ಚಿಕ್ಕ ಪ್ರಬಂಧದಲ್ಲಿ. ಅವರು ತಗೊಂಡ ಉದಾಹರಣೆ ಸಣ್ಣದು. ಕೆಲವು ಸಾಲುಗಳನ್ನು ಓದಬೇಕು. ಪ್ರತಿ ಸಾಲಿನ ಮೊದಲ ಪದವನ್ನು ಕೊನೆಗೆ ಹಾಕುತ್ತಾ ಹೋಗಿ ಅದರ ಎಲ್ಲಾ ರೂಪಗಳನ್ನೂ ಮಾಡಬೇಕು. ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಪ್ರಿಂಟ್ ಮಾಡಬೇಕು. ಇದನ್ನು ಎರಡು ರೀತಿ ಭಾಗ ಮಾಡಿ ತೋರಿಸಿದರು. ಮೊದಲನೆಯದು ನಾವೆಲ್ಲ ಸಹಜವಾಗಿ ಮಾಡುವ ರೀತಿ: ಓದುವ ಭಾಗ, ತಿರುಗಿಸುವ ಭಾಗ, ಜೋಡಿಸುವ ಭಾಗ, ಪ್ರಿಂಟ್ ಮಾಡುವ ಭಾಗ. ಸಾಲುಗಳನ್ನು ಮೆಮೊರಿಯಲ್ಲಿ ಹೇಗೆ ಇಟ್ಟಿದ್ದಾರೆ ಅನ್ನುವುದು ಎಲ್ಲಾ ಭಾಗಗಳಿಗೂ ಗೊತ್ತಿರಬೇಕು. ಆ ಒಂದು ನಿರ್ಧಾರ ಬದಲಾದರೆ ಎಲ್ಲವೂ ಬದಲಾಗಬೇಕು. ಎರಡನೆಯ ರೀತಿಯಲ್ಲಿ ಪ್ರತಿ ಭಾಗವೂ ಒಂದೊಂದು ನಿರ್ಧಾರವನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮೊದಲು ಯಾವುದು ಕಷ್ಟದ್ದು, ಯಾವುದು ಬದಲಾಗಬಹುದು ಅಂತ ಪಟ್ಟಿ ಮಾಡಿ, ಒಂದೊಂದನ್ನೂ ಒಂದೊಂದು ಭಾಗದ ಒಳಗೆ ಮುಚ್ಚಿಡಿ ಅಂದರು. ಐವತ್ತು ವರ್ಷ ಮೇಲಾಗಿದೆ, ಇದಕ್ಕಿಂತ ಒಳ್ಳೆಯ ಸಲಹೆ ನನಗಂತೂ ಸಿಕ್ಕಿಲ್ಲ. ನಿಮ್ಮ ಕ್ಲಾಸಿನಲ್ಲಿ ಏನು ಪ್ರೈವೇಟ್ ಆಗಬೇಕು ಅಂತ ಕೇಳಿದರೆ ಉತ್ತರ ಅದೇ. ಬದಲಾಗಬಹುದಾದದ್ದು.

ಸ್ಟ್ರಿಂಗ್ ಒಳಗೆ ನಡೆದದ್ದು

ಇದು ನಿಜವಾದ ಜಗತ್ತಿನಲ್ಲಿ ಹೇಗೆ ಕೆಲಸ ಮಾಡಿತು ಅಂತ ನೋಡಬೇಕಾದರೆ ಜಾವಾದಲ್ಲಿ ಪಠ್ಯ ಇಡುವ ಸ್ಟ್ರಿಂಗ್ ಕ್ಲಾಸಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ನೀವೆಲ್ಲ ಅದನ್ನು ಪ್ರತಿದಿನ ಬಳಸುತ್ತೀರಿ.

ಹಳೆಯ ಜಾವಾದಲ್ಲಿ ಸ್ಟ್ರಿಂಗ್ ಒಳಗೆ ಅಕ್ಷರಗಳ ಒಂದು ಅರೇ (ಸಾಲಾಗಿ ಇಟ್ಟ ಜಾಗಗಳು), ಎಲ್ಲಿಂದ ಶುರು ಅನ್ನುವ ಒಂದು ಸಂಖ್ಯೆ, ಎಷ್ಟು ಅಕ್ಷರ ಅನ್ನುವ ಇನ್ನೊಂದು ಸಂಖ್ಯೆ ಇದ್ದವು. ಎಲ್ಲವೂ ಪ್ರೈವೇಟ್. ದೊಡ್ಡ ಸ್ಟ್ರಿಂಗ್‌ನಿಂದ ಸಬ್‌ಸ್ಟ್ರಿಂಗ್ ತೆಗೆದರೆ ಹೊಸ ಅರೇ ಮಾಡುತ್ತಿರಲಿಲ್ಲ. ಅದೇ ಅರೇಯನ್ನು ಹಂಚಿಕೊಂಡು ಶುರುವಿನ ಜಾಗ ಮಾತ್ರ ಬೇರೆ ಇಟ್ಟುಕೊಳ್ಳುತ್ತಿತ್ತು. ವೇಗವೇನೋ ಚೆನ್ನಾಗಿತ್ತು. ಆದರೆ ದೊಡ್ಡ ಫೈಲ್ ಓದಿ ಅದರಿಂದ ಹತ್ತು ಅಕ್ಷರ ಉಳಿಸಿಕೊಂಡರೂ ಇಡೀ ಫೈಲಿನ ಅರೇ ಮೆಮೊರಿಯಲ್ಲೇ ಕೂತಿರುತ್ತಿತ್ತು. 2012ರಲ್ಲಿ, ಜಾವಾ 7ರ ಆರನೇ ಅಪ್‌ಡೇಟ್‌ನಲ್ಲಿ, ಆ ಎರಡು ಸಂಖ್ಯೆಗಳನ್ನು ತೆಗೆದೇ ಹಾಕಿದರು. ಸಬ್‌ಸ್ಟ್ರಿಂಗ್ ಈಗ ಕಾಪಿ ಮಾಡುತ್ತದೆ.

2017ರ ಜಾವಾ 9ರಲ್ಲಿ ಇನ್ನೂ ದೊಡ್ಡ ಬದಲಾವಣೆ. ಪ್ರತಿ ಅಕ್ಷರಕ್ಕೂ ಎರಡು ಬೈಟ್ ತಗೊಳ್ಳುತ್ತಿದ್ದ ಅರೇ ಹೋಗಿ ಬೈಟ್ ಅರೇ ಬಂತು, ಜೊತೆಗೆ ಇದು ಯಾವ ಎನ್‌ಕೋಡಿಂಗ್ ಅನ್ನುವ ಒಂದು ಗುರುತು ಬಂತು. ಎಲ್ಲಾ ಅಕ್ಷರಗಳೂ ಲ್ಯಾಟಿನ್ 1 (ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳ ಪಟ್ಟಿ) ಒಳಗಿದ್ದರೆ ಒಂದೊಂದಕ್ಕೆ ಒಂದೇ ಬೈಟ್, ಇಲ್ಲದಿದ್ದರೆ ಮೊದಲಿನ ಹಾಗೆ ಎರಡು. ಇಂಗ್ಲಿಷ್ ಅಕ್ಷರಗಳಲ್ಲಿ ಬೆಂಗಳೂರು ಎಂದು ಬರೆದರೆ 9 ಅಕ್ಷರ. ಮೊದಲು 18 ಬೈಟ್ ಹಿಡಿಯುತ್ತಿತ್ತು, ಈಗ 9. ಕನ್ನಡದಲ್ಲಿ ಬರೆದರೆ ಅನುಸ್ವಾರ, ಸ್ವರ ಚಿಹ್ನೆ ಎಲ್ಲ ಸೇರಿ ಯೂನಿಕೋಡ್ ಲೆಕ್ಕದಲ್ಲಿ 8. ಮೊದಲೂ 16 ಬೈಟ್, ಈಗಲೂ 16, ಯಾಕೆಂದರೆ ಕನ್ನಡ ಲಿಪಿ ಲ್ಯಾಟಿನ್ 1ರ ಆಚೆ ಇದೆ. ನಮ್ಮ ಅಕ್ಷರಗಳಿಗೆ ಇದರಿಂದ ಉಳಿತಾಯ ಆಗಲಿಲ್ಲ, ತೊಂದರೆಯೂ ಆಗಲಿಲ್ಲ.

ಈಗ ಯೋಚಿಸಿ. ಜಗತ್ತಿನ ಜಾವಾ ಪ್ರೋಗ್ರಾಮ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ಲಾಸ್‌ಗಳಲ್ಲಿ ಒಂದರ ಹೊಟ್ಟೆಯನ್ನೇ ಎರಡು ಸಲ ಬದಲಾಯಿಸಿದರು. ಸಾಮಾನ್ಯ ಪ್ರೋಗ್ರಾಮ್‌ಗಳು ಒಂದು ಸಾಲೂ ತಿದ್ದದೆ ಓಡಿದವು. ತೊಂದರೆಯಾದದ್ದು ರಿಫ್ಲೆಕ್ಷನ್ ಹಿಡಿದು ಆ ಪ್ರೈವೇಟ್ ಅರೇಗೆ ಕೈ ಹಾಕಿದ್ದವರಿಗೆ. ಪ್ರೈವೇಟ್ ಅನ್ನುವ ಒಂದು ಪದ ಕೊಟ್ಟ ಸ್ವಾತಂತ್ರ್ಯ ಇದು. ಇದನ್ನು ನೆನೆದಾಗೆಲ್ಲ ನನಗೆ ಖುಷಿಯಾಗುತ್ತದೆ.

ಅದೇ ಜಾವಾದಲ್ಲಿ ಉಲ್ಟಾ ಉದಾಹರಣೆಯೂ ಇದೆ. ಸ್ಕ್ರೀನ್ ಮೇಲೆ ಕಿಟಕಿ, ಬಟನ್ ಇಡುವ ಎಡಬ್ಲ್ಯುಟಿ ಲೈಬ್ರರಿಯಲ್ಲಿ ಡೈಮೆನ್ಷನ್ ಎಂಬ ಕ್ಲಾಸ್ ಇದೆ. ಅಗಲ, ಎತ್ತರ ಎರಡೂ ಪಬ್ಲಿಕ್ ಫೀಲ್ಡ್‌ಗಳು, ಯಾರು ಬೇಕಾದರೂ ಬದಲಾಯಿಸಬಹುದು. ಹಾಗಾಗಿ ಒಂದು ಬಟನ್‌ನ ಅಳತೆ ಕೇಳಿದಾಗ ಲೈಬ್ರರಿ ತನ್ನ ಹತ್ತಿರ ಇರುವ ಆಬ್ಜೆಕ್ಟನ್ನೇ (ಆ ಕ್ಲಾಸಿನಿಂದ ಮಾಡಿದ ವಸ್ತು) ಕೊಡುವ ಹಾಗಿಲ್ಲ, ಕೊಟ್ಟರೆ ಹೊರಗಿನವರು ಅದನ್ನು ತಿದ್ದಿಬಿಡಬಹುದು. ಪ್ರತಿ ಸಲವೂ ಹೊಸ ಆಬ್ಜೆಕ್ಟ್ ಮಾಡಿ ಕೊಡುತ್ತದೆ. ಅದಕ್ಕೇ ಅಗಲ, ಎತ್ತರ ಬೇರೆ ಬೇರೆ ಕೇಳುವ ಮೆಥಡ್‌ಗಳನ್ನು ಜಾವಾ 1.2ರಲ್ಲಿ ಸೇರಿಸಿದರು. ಆದರೆ ಆ ಫೀಲ್ಡ್‌ಗಳು ಇವತ್ತಿಗೂ ಪಬ್ಲಿಕ್ಕೇ.

ಪ್ರೊಟೆಕ್ಟೆಡ್ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು

ಪ್ರೊಟೆಕ್ಟೆಡ್ ಅನ್ನು ಜನ ಅರ್ಧ ಪ್ರೈವೇಟ್ ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಮೊದಲಿನ ಪ್ರಶ್ನೆ ಹಾಕಿ ನೋಡಿ. ಬದಲಾಯಿಸುವ ಮುಂಚೆ ಯಾರ ಕೋಡ್ ಓದಬೇಕು? ಈ ಕ್ಲಾಸನ್ನು ವಿಸ್ತರಿಸಿದ ಎಲ್ಲರದ್ದೂ. ಅವರು ಯಾರು? ನಿಮ್ಮ ಲೈಬ್ರರಿಯನ್ನು ಹೊರಗಿನವರು ಬಳಸುತ್ತಿದ್ದರೆ ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಸಬ್‌ಕ್ಲಾಸ್ ಬರೆಯುವುದಕ್ಕೆ ಯಾರೂ ಅನುಮತಿ ಕೇಳಬೇಕಾಗಿಲ್ಲ. ಹಾಗಾದರೆ ಅದು ಪಬ್ಲಿಕ್ ಆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಉಳಿಯಿತು?

ಇದರ ಹುಟ್ಟಿನ ಕತೆ ಪಾಠದಂತಿದೆ. ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಕೆಲಸ ಶುರು ಮಾಡಿದಾಗ ಪ್ರೊಟೆಕ್ಟೆಡ್ ಇರಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಇಂಟರ್‌ವ್ಯೂಸ್ ಎಂಬ ಯೂಸರ್ ಇಂಟರ್‌ಫೇಸ್ ಲೈಬ್ರರಿ ಕಟ್ಟುತ್ತಿದ್ದ ಮಾರ್ಕ್ ಲಿಂಟನ್ ಇದು ಬೇಕೇ ಬೇಕು ಅಂತ ವಾದ ಮಾಡಿದರು, 1987ರ ಆವೃತ್ತಿ 1.2ರಲ್ಲಿ ಅದು ಸೇರಿತು. ಸುಮಾರು ಐದು ವರ್ಷದ ಮೇಲೆ ಅದೇ ಲಿಂಟನ್ ತಮ್ಮ ಲೈಬ್ರರಿಯಲ್ಲಿ ಪ್ರೊಟೆಕ್ಟೆಡ್ ಡೇಟಾ ಬಳಸಬಾರದು ಅಂತ ನಿಯಮ ಮಾಡಿದರು, ಅದರಿಂದ ಬಗ್‌ಗಳು ಹುಟ್ಟುತ್ತಿದ್ದವು. ಸ್ಟ್ರೌಸ್ಟ್ರಪ್ ಕೂಡ ಆಮೇಲೆ ಪ್ರೊಟೆಕ್ಟೆಡ್ ಡೇಟಾ ಬೇಡ, ಪ್ರೊಟೆಕ್ಟೆಡ್ ಮೆಥಡ್ ಆಗಬಹುದು ಎಂಬ ನಿಲುವಿಗೆ ಬಂದರು. ನನ್ನ ನಿಲುವೂ ಅದೇ. ಸಬ್‌ಕ್ಲಾಸ್ ಬರೆಯುವವರಿಗೆ ಬೇಕು ಅಂತ ಯೋಚಿಸಿ ಕೊಟ್ಟ ಮೆಥಡ್ ಒಂದು ಕೊಟ್ಟ ಮಾತಿನ ಹಾಗೆ. ಫೀಲ್ಡ್ ಕೊಟ್ಟರೆ ಏನು ಮಾತು ಕೊಟ್ಟಿದ್ದೀರಿ ಅಂತ ನಿಮಗೇ ಗೊತ್ತಿರುವುದಿಲ್ಲ.

ಜಾವಾದಲ್ಲಿ ಪಟ್ಟಿ ಇಡುವ ವೆಕ್ಟರ್ ಮತ್ತು ಅರೇಲಿಸ್ಟ್ ಎಂಬ ಎರಡು ಕ್ಲಾಸ್ ಪಕ್ಕಪಕ್ಕ ಇಟ್ಟು ಅವುಗಳ ಸೋರ್ಸ್ ಓದಿ. ಹಳೆಯ ವೆಕ್ಟರ್‌ನಲ್ಲಿ ಒಳಗಿನ ಅರೇ, ಎಷ್ಟು ಅಂಶಗಳಿವೆ ಎಂಬ ಎಣಿಕೆ, ಎಷ್ಟೆಷ್ಟು ಬೆಳೆಯಬೇಕು ಎಂಬ ಸಂಖ್ಯೆ, ಮೂರೂ ಪ್ರೊಟೆಕ್ಟೆಡ್. ಡಾಕ್ಯುಮೆಂಟೇಷನ್‌ನಲ್ಲೂ ಅವುಗಳ ಹೆಸರಿದೆ. ಅಂದರೆ ವೆಕ್ಟರ್ ಒಳಗೆ ಆ ಅರೇ ಇರಲೇಬೇಕು, ಎಣಿಕೆ ಹಾಗೇ ಇರಲೇಬೇಕು. ಅರೇಲಿಸ್ಟ್‌ನಲ್ಲಿ ಅದೇ ಅರೇ ಪ್ಯಾಕೇಜ್ ಮಟ್ಟದ್ದು. ಹಾಗಾಗಿ ಮುಂದೆ ಅವರು ಖಾಲಿ ಅರೇಲಿಸ್ಟ್ ಮಾಡಿದಾಗ 10 ಜಾಗದ ಅರೇ ತಕ್ಷಣ ಮಾಡುವುದು ಬೇಡ, ಮೊದಲ ಅಂಶ ಸೇರಿಸಿದಾಗ ಮಾಡಿದರೆ ಸಾಕು ಅಂತ ಬದಲಾಯಿಸಿದರು. ಹೊರಗಿನ ಯಾರಿಗೂ ಗೊತ್ತಾಗಲಿಲ್ಲ.

ಜಾವಾದ ಪ್ರೊಟೆಕ್ಟೆಡ್‌ನಲ್ಲಿ ಎರಡು ತಿರುವು ಇವೆ, ಇಂಟರ್‌ವ್ಯೂಗಾಗಿ ಅಲ್ಲ, ಕೆಲಸಕ್ಕೆ ಬೇಕು. ಒಂದು, ಅದು ಸಬ್‌ಕ್ಲಾಸಿಗೆ ಮಾತ್ರ ಅಲ್ಲ, ಅದೇ ಪ್ಯಾಕೇಜಿನ ಎಲ್ಲರಿಗೂ ಸಿಗುತ್ತದೆ. ಅಂದರೆ ಡೀಫಾಲ್ಟ್‌ಗಿಂತ ಅಗಲ. ಎರಡು, ಬೇರೆ ಪ್ಯಾಕೇಜಿನಲ್ಲಿರುವ ಸಬ್‌ಕ್ಲಾಸಿಗೂ ಎಲ್ಲಾ ಆಬ್ಜೆಕ್ಟಿನದ್ದೂ ಸಿಗುವುದಿಲ್ಲ. ಖಾತೆ ಕ್ಲಾಸಿನಲ್ಲಿ ಬ್ಯಾಲೆನ್ಸ್ ಪ್ರೊಟೆಕ್ಟೆಡ್ ಇದೆ, ಬೇರೆ ಪ್ಯಾಕೇಜಿನಲ್ಲಿ ಉಳಿತಾಯ ಖಾತೆ ಅದನ್ನು ವಿಸ್ತರಿಸಿದೆ ಅಂದುಕೊಳ್ಳಿ. ಉಳಿತಾಯ ಖಾತೆಯ ಒಳಗೆ ನನ್ನ ಬ್ಯಾಲೆನ್ಸ್ ಓದಬಹುದು, ಇನ್ನೊಂದು ಉಳಿತಾಯ ಖಾತೆಯದ್ದೂ ಓದಬಹುದು. ಆದರೆ ಕೈಯಲ್ಲಿರುವುದು ಬರೀ ಖಾತೆ ಎಂಬ ಟೈಪ್ ಆದರೆ ಕಂಪೈಲರ್ ಬಿಡುವುದಿಲ್ಲ. ಯಾಕೆ? ಆ ಖಾತೆ ನಿಜದಲ್ಲಿ ಸಾಲದ ಖಾತೆ ಇರಬಹುದು. ಬಿಟ್ಟರೆ ಯಾರು ಬೇಕಾದರೂ ಸುಮ್ನೆ ಒಂದು ಸಬ್‌ಕ್ಲಾಸ್ ಬರೆದು ಅಣ್ಣತಮ್ಮಂದಿರ ಕ್ಲಾಸುಗಳ ಒಳಗೆಲ್ಲ ಕೈ ಹಾಕಬಹುದಿತ್ತು. ಸಿ ಪ್ಲಸ್ ಪ್ಲಸ್, ಸಿ ಶಾರ್ಪ್‌ನಲ್ಲೂ ಇದೇ ನಿಯಮ.

ಪ್ರೈವೇಟ್ ಯಾರಿಗೆ ಪ್ರೈವೇಟ್?

ಹೊಸಬರಿಗೆ ಆಶ್ಚರ್ಯವಾಗುವ ವಿಷಯ ಒಂದಿದೆ. ಜಾವಾ, ಸಿ ಪ್ಲಸ್ ಪ್ಲಸ್, ಸಿ ಶಾರ್ಪ್‌ನಲ್ಲಿ ಪ್ರೈವೇಟ್ ಅಂದರೆ ಆ ಆಬ್ಜೆಕ್ಟಿಗೆ ಮಾತ್ರ ಅಲ್ಲ, ಆ ಕ್ಲಾಸಿಗೆ. ಎರಡು ಖಾತೆಗಳು ಸಮಾನವಾ ಅಂತ ನೋಡುವ ಈಕ್ವಲ್ಸ್ ಮೆಥಡ್ ಇನ್ನೊಂದು ಖಾತೆಯ ಪ್ರೈವೇಟ್ ಫೀಲ್ಡನ್ನು ನೇರವಾಗಿ ಓದುತ್ತದೆ. ಇದು ನಿಯಮದಲ್ಲಿರುವ ತೂತು ಅಂತ ಕೆಲವರು ಹೇಳುತ್ತಾರೆ. ನಮ್ಮ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಇದು ಸರಿಯಾಗಿಯೇ ಇದೆ. ಫೀಲ್ಡ್ ಬದಲಾಯಿಸುವವರ ಕಣ್ಣಮುಂದೆಯೇ ಆ ಈಕ್ವಲ್ಸ್ ಕೂಡ ಇರುತ್ತದೆ, ಅದೇ ಫೈಲ್. ಒಟ್ಟಿಗೆ ತಿದ್ದಬಹುದು.

ಬೇರೆ ಭಾಷೆಗಳು ಈ ಗೆರೆಯನ್ನು ಬೇರೆ ಕಡೆ ಎಳೆದಿವೆ. ಸ್ಮಾಲ್‌ಟಾಕ್‌ನಲ್ಲಿ ಫೀಲ್ಡ್‌ಗಳು ಆ ಆಬ್ಜೆಕ್ಟಿಗೆ ಮಾತ್ರ, ಮೆಥಡ್‌ಗಳು ಎಲ್ಲರಿಗೂ. ರಸ್ಟ್‌ನಲ್ಲಿ ಗೆರೆ ಮಾಡ್ಯೂಲಿಗೆ. ಕಾಟ್ಲಿನ್‌ನಲ್ಲಿ ಏನೂ ಬರೆಯದಿದ್ದರೆ ಪಬ್ಲಿಕ್, ಜಾವಾದ ಪ್ಯಾಕೇಜ್ ಮಟ್ಟ ಅಲ್ಲಿ ಇಲ್ಲವೇ ಇಲ್ಲ, ಬದಲಿಗೆ ಒಟ್ಟಿಗೆ ಕಂಪೈಲ್ ಆಗುವ ಕೋಡಿಗೆಲ್ಲ ಕಾಣುವ ಇಂಟರ್ನಲ್ ಇದೆ. ಸಿ ಶಾರ್ಪ್‌ನಲ್ಲೂ ಇಂಟರ್ನಲ್ ಇದೆ, ಪ್ರೊಟೆಕ್ಟೆಡ್ ಜೊತೆ ಸೇರಿಸಿ ಇನ್ನೂ ಎರಡು ಮಟ್ಟ ಮಾಡಿದ್ದಾರೆ. ಒಂದರಲ್ಲಿ ಸಬ್‌ಕ್ಲಾಸ್‌ಗಳು, ಒಟ್ಟಿಗೆ ಕಂಪೈಲ್ ಆಗುವ ಕೋಡ್ ಎಂಬ ಎರಡು ಗುಂಪಿನಲ್ಲಿ ಯಾವುದಾದರೂ ಒಂದರಲ್ಲಿದ್ದರೆ ಸಾಕು, ಇನ್ನೊಂದರಲ್ಲಿ ಎರಡರಲ್ಲೂ ಇರಬೇಕು. ಸ್ವಿಫ್ಟ್ 2016ರಲ್ಲಿ ಫೈಲಿಗೆ ಬೇರೆ, ಕ್ಲಾಸಿಗೆ ಬೇರೆ ಪದ ತಂದು, ಮುಂದಿನ ವರ್ಷವೇ ಅದೇ ಫೈಲಿನಲ್ಲಿರುವ ಎಕ್ಸ್‌ಟೆನ್ಷನ್‌ಗೂ (ಕ್ಲಾಸಿಗೆ ಬೇರೆಯಾಗಿ ಸೇರಿಸುವ ಕೋಡ್) ಪ್ರೈವೇಟ್ ಸಿಗಲಿ ಅಂತ ಸಡಿಲ ಮಾಡಿತು. ಪಿಎಚ್‌ಪಿ 8.4ರಲ್ಲಿ ಓದುವುದಕ್ಕೆ ಒಂದು ಮಟ್ಟ, ಬರೆಯುವುದಕ್ಕೆ ಇನ್ನೊಂದು ಮಟ್ಟ ಇಡಬಹುದು, ನನಗೆ ತುಂಬಾ ಇಷ್ಟವಾದ ಸೌಲಭ್ಯ ಅದು. ಇವರೆಲ್ಲ ಹುಡುಕುತ್ತಿರುವುದು ಒಂದೇ. ಒಬ್ಬರು, ಅಥವಾ ಒಂದು ಟೀಮ್, ಒಂದೇ ಸಲಕ್ಕೆ ತಿದ್ದಬಹುದಾದ ಕೋಡ್ ಎಲ್ಲಿಯವರೆಗೆ ಇದೆ?

ಗೋ ಭಾಷೆಯ ನಿಯಮ ನಮಗೆ ವಿಶೇಷವಾಗಿ ಮುಖ್ಯ. ಅಲ್ಲಿ ಪಬ್ಲಿಕ್ ಎಂಬ ಪದ ಇಲ್ಲ. ಹೆಸರು ದೊಡ್ಡಕ್ಷರದಿಂದ ಶುರುವಾದರೆ ಪ್ಯಾಕೇಜಿನ ಹೊರಗೂ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ! ಹಣ ಎಂಬ ಹೆಸರಿನ ಫೀಲ್ಡ್ ಗೋದಲ್ಲಿ ಯಾವತ್ತೂ ಹೊರಗೆ ಹೋಗುವುದಿಲ್ಲ, ಮುಂದೆ ಒಂದು ಇಂಗ್ಲಿಷ್ ದೊಡ್ಡಕ್ಷರ ಅಂಟಿಸದ ಹೊರತು. ಖಾತೆ ಎಂದು ಬರೆದರೆ ಕಂಪೈಲ್ ಕೂಡ ಆಗುವುದಿಲ್ಲ, ಸ್ವರ ಚಿಹ್ನೆಗಳನ್ನು ಗೋ ಅಕ್ಷರ ಅಂತ ಒಪ್ಪುವುದಿಲ್ಲ. ಜಾವಾ, ಪೈಥಾನ್ ಎರಡೂ ಖಾತೆಯನ್ನು ಒಪ್ಪುತ್ತವೆ. ನೋಡುವುದಕ್ಕೆ ಸರಳವಾದ ನಿಯಮ ಒಂದು ಜಗತ್ತಿನ ಅರ್ಧ ಲಿಪಿಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಹೋದರೆ ಹೀಗಾಗುತ್ತದೆ, ಇದು ಸರಿಹೋಗಬೇಕು ಅಂತ ನನ್ನ ಆಸೆ.

ಕಾಣುವುದು ಬೇರೆ, ಸಿಗುವುದು ಬೇರೆ

ಇದು ಸ್ವಲ್ಪ ಆಳದ ವಿಷಯ, ಆದರೆ ಒಂದು ಸಲ ಅರ್ಥವಾದರೆ ಕಂಪೈಲರ್ ಎರರ್‌ಗಳ ಮೇಲೆ ಸಿಟ್ಟು ಬರುವುದಿಲ್ಲ. ಒಂದು ಕ್ಲಾಸಿನಲ್ಲಿ ಒಂದೇ ಹೆಸರಿನ ಎರಡು ಮೆಥಡ್ ಇವೆ. ಡಬಲ್ ತಗೊಳ್ಳುವುದು ಪಬ್ಲಿಕ್, ಪೂರ್ಣಾಂಕ ತಗೊಳ್ಳುವುದು ಪ್ರೈವೇಟ್. ಹೊರಗಿನಿಂದ 10 ಕೊಟ್ಟು ಕರೆಯುತ್ತೀರಿ. ಸಿ ಪ್ಲಸ್ ಪ್ಲಸ್ ಮೊದಲು ಯಾವುದು ಚೆನ್ನಾಗಿ ಹೊಂದುತ್ತದೆ ಅಂತ ನೋಡುತ್ತದೆ, ಪೂರ್ಣಾಂಕದ್ದನ್ನು ಆರಿಸುತ್ತದೆ, ಆಮೇಲೆ ಅನುಮತಿ ಇದೆಯಾ ಅಂತ ನೋಡುತ್ತದೆ, ಇಲ್ಲ, ಎರರ್. ಅಂದರೆ ಪ್ರೈವೇಟ್ ಹೆಸರು ಕಾಣುತ್ತದೆ, ಸಿಗುವುದಿಲ್ಲ. ಜಾವಾ ಹಾಗಲ್ಲ. ಸಿಗದ ಮೆಥಡನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಡಬಲ್‌ನದ್ದನ್ನು ಕರೆಯುತ್ತದೆ.

ಯಾವುದು ಸರಿ? ಸಿ ಪ್ಲಸ್ ಪ್ಲಸ್ ಕಡೆ ಒಂದು ಗಟ್ಟಿ ಕಾರಣ ಇದೆ. ಪ್ರೈವೇಟ್ ಅನ್ನು ಪಬ್ಲಿಕ್ ಮಾಡಿದರೆ ಪ್ರೋಗ್ರಾಮಿನ ಅರ್ಥ ಸದ್ದಿಲ್ಲದೆ ಬದಲಾಗಬಾರದು. ಜಾವಾದಲ್ಲಿ ಬದಲಾಗಬಹುದು, ಆ ಪೂರ್ಣಾಂಕದ ಮೆಥಡನ್ನು ಪಬ್ಲಿಕ್ ಮಾಡಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿದರೆ ನಿನ್ನೆ ಡಬಲ್‌ಗೆ ಹೋಗುತ್ತಿದ್ದ ಕರೆ ಇವತ್ತು ಪೂರ್ಣಾಂಕಕ್ಕೆ ಹೋಗುತ್ತದೆ. ಜಾವಾ ಕಡೆಯೂ ಕಾರಣ ಇದೆ, ನಿಮ್ಮ ಒಳಗಿನ ಮೆಥಡ್ ಹೊರಗಿನವರಿಗೆ ಅಡ್ಡ ಬರಬಾರದು. ನನಗೆ ಸಿ ಪ್ಲಸ್ ಪ್ಲಸ್ ವಾದವೇ ಹೆಚ್ಚು ಹಿಡಿಸುತ್ತದೆ.

ನಿಯಮವನ್ನು ದಾಟಿದವರು

ಜಾವಾದಲ್ಲಿ ರಿಫ್ಲೆಕ್ಷನ್ ಇದೆ. ಸೆಟ್ ಆಕ್ಸೆಸಿಬಲ್ ಎಂದು ಕರೆದರೆ ಪ್ರೈವೇಟ್ ಕೂಡ ತೆರೆಯುತ್ತದೆ. ಫ್ರೇಮ್‌ವರ್ಕ್‌ಗಳು ಇದರ ಮೇಲೆಯೇ ನಿಂತಿವೆ. ಡೇಟಾಬೇಸ್‌ನಿಂದ ಓದಿದ್ದನ್ನು ನಿಮ್ಮ ಪ್ರೈವೇಟ್ ಫೀಲ್ಡಿಗೆ ಹೈಬರ್ನೇಟ್ ಎಂಬ ಫ್ರೇಮ್‌ವರ್ಕ್ ತುಂಬುವುದು ಹೀಗೆ. ನಿಮ್ಮದೇ ಕ್ಲಾಸ್, ನೀವೇ ಒಪ್ಪಿ ಕೊಟ್ಟದ್ದು, ತೊಂದರೆ ಇಲ್ಲ. ತೊಂದರೆ ಬಂದದ್ದು ಲೈಬ್ರರಿಗಳು ಜಾವಾದ ಹೊಟ್ಟೆಯೊಳಗೇ ಕೈ ಹಾಕಿದಾಗ. ಉದಾಹರಣೆಗೆ ಓಡುತ್ತಿರುವಾಗ ಹೊಸ ಕ್ಲಾಸ್ ಹುಟ್ಟಿಸುವುದಕ್ಕೆ, ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಕ್ಲಾಸ್‌ಲೋಡರ್‌ನ ಪ್ರೊಟೆಕ್ಟೆಡ್ ಮೆಥಡನ್ನು ರಿಫ್ಲೆಕ್ಷನ್‌ನಿಂದ ಕರೆಯುತ್ತಿದ್ದರು.

2017ರ ಜಾವಾ 9 ಮಾಡ್ಯೂಲ್ (ಪ್ಯಾಕೇಜ್‌ಗಳ ಗುಂಪು) ತಂದಿತು. ಪಬ್ಲಿಕ್ ಅಂದರೆ ಎಲ್ಲರಿಗೂ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಮಾಡ್ಯೂಲ್ ಆ ಪ್ಯಾಕೇಜನ್ನು ಹೊರಗೆ ಕೊಟ್ಟಿದ್ದರೆ ಮಾತ್ರ ಪಬ್ಲಿಕ್ ಕ್ಲಾಸ್ ಹೊರಗಿನವರಿಗೆ ಸಿಗುತ್ತದೆ. ಆದರೂ ಹಳೆಯ ಕೋಡ್ ಮುರಿಯಬಾರದು ಅಂತ ಜಾವಾದ ಒಳಭಾಗಕ್ಕೆ ರಿಫ್ಲೆಕ್ಷನ್ ಮಾಡುವವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. 2021ರ ಮಾರ್ಚ್‌ನಲ್ಲಿ ಜಾವಾ 16 ಡೀಫಾಲ್ಟ್ ಆಗಿ ತಡೆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಜಾವಾ 17 ಬಂದಾಗ ಒಂದೇ ಆಪ್ಷನ್‌ನಿಂದ ಎಲ್ಲವನ್ನೂ ತೆರೆಯುವ ದಾರಿಯೂ ಹೋಯಿತು. ಈಗ ಬೇಕಾದ ಪ್ಯಾಕೇಜ್ ಒಂದೊಂದನ್ನೂ ಹೆಸರು ಹೇಳಿ ತೆರೆಯಬೇಕು. ಜಾವಾ 8ರಿಂದ 17ಕ್ಕೆ ಹೋಗುವ ಕೆಲಸ ನಿಮಗೆ ಸಿಕ್ಕರೆ, ಸ್ಟಾರ್ಟ್ ಮಾಡಿದ ತಕ್ಷಣ ಇನ್‌ಆಕ್ಸೆಸಿಬಲ್ ಆಬ್ಜೆಕ್ಟ್ ಎಕ್ಸೆಪ್ಶನ್ (ಓಡುವಾಗ ಬರುವ ಎರರ್) ಬಂದರೆ, ಗಾಬರಿ ಬೇಡ. ಯಾವುದೋ ಹಳೆಯ ಲೈಬ್ರರಿ ತನಗೆ ಕೊಡದೇ ಇದ್ದ ಜಾಗಕ್ಕೆ ಹೋಗಿದೆ ಅಂತ ಅರ್ಥ. ಅದರ ಹೊಸ ಆವೃತ್ತಿ ಹಾಕಿ. ಪ್ಯಾಕೇಜ್ ತೆರೆಯುವ ಫ್ಲ್ಯಾಗ್ ಹಾಕುವುದು ಕೊನೆಯ ದಾರಿ.

ಇದಕ್ಕಿಂತ ನನ್ನನ್ನು ಕಾಡುವುದು ಗೆಟರ್‌ನಿಂದಲೇ ಸೋರಿಹೋಗುವುದು. ವ್ಯವಹಾರಗಳ ಪಟ್ಟಿ ಪ್ರೈವೇಟ್ ಇದೆ. ಗೆಟರ್ ಅದೇ ಪಟ್ಟಿಯನ್ನು ವಾಪಸ್ ಕೊಡುತ್ತದೆ. ಹೊರಗಿನವರು ಅದಕ್ಕೆ ಕ್ಲಿಯರ್ ಎಂದು ಕರೆದರೆ ಖಾತೆಯ ಇತಿಹಾಸವೇ ಖಾಲಿ. ಪ್ರೈವೇಟ್ ಅನ್ನುವುದು ಹೆಸರನ್ನು ಕಾಯುತ್ತದೆ, ಆ ಹೆಸರು ತೋರಿಸುವ ಆಬ್ಜೆಕ್ಟನ್ನು ಕಾಯುವುದಿಲ್ಲ. ಕಾಪಿ ಕೊಡಿ, ಇಲ್ಲವೇ ಬದಲಾಯಿಸಲು ಆಗದ ಪಟ್ಟಿ ಕೊಡಿ. ಇನ್ನೂ ಒಳ್ಳೆಯದು, ಪಟ್ಟಿ ಯಾಕೆ ಬೇಕು ಅಂತ ಕೇಳಿ. ಕಳೆದ ತಿಂಗಳ ಒಟ್ಟು ಬೇಕಿದ್ದರೆ ಅದನ್ನು ಕೊಡುವ ಮೆಥಡ್ ಬರೆಯಿರಿ. ಬರೀ ಡೇಟಾ ಸಾಗಿಸುವ ಕ್ಲಾಸ್ ಆದರೆ ಮುಚ್ಚುಮರೆಯೇ ಬೇಡ, ಜಾವಾ 16ರಿಂದ ಅದಕ್ಕೆಂದೇ ರೆಕಾರ್ಡ್ ಎಂಬ ಬಗೆಯ ಕ್ಲಾಸ್ ಇದೆ, ಅದನ್ನು ಬಳಸಿ.

ಕೊನೆಗೆ ಬಂದ ಪ್ರಶ್ನೆಗಳು

ಪೈಥಾನ್‌ನಲ್ಲಿ ಪ್ರೈವೇಟ್ ಇಲ್ಲವಲ್ಲ ಸರ್, ಅಲ್ಲಿ ಹೇಗೆ ನಡೆಯುತ್ತದೆ ಅಂತ ಒಬ್ಬರು ಕೇಳಿದರು. ಒಪ್ಪಂದದಿಂದ ನಡೆಯುತ್ತದೆ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇದ್ದರೆ ಮುಟ್ಟಬೇಡಿ ಅಂತ. ಎರಡು ಅಂಡರ್‌ಸ್ಕೋರ್ ಹಾಕಿದರೆ ಪೈಥಾನ್ ಆ ಹೆಸರಿನ ಮುಂದೆ ಕ್ಲಾಸಿನ ಹೆಸರು ಸೇರಿಸುತ್ತದೆ, ಆದರೆ ಅದರ ಉದ್ದೇಶ ಸಬ್‌ಕ್ಲಾಸಿನಲ್ಲಿ ಅದೇ ಹೆಸರು ಬಂದು ಘರ್ಷಣೆ ಆಗದಿರಲಿ ಅಂತ, ಅಡಗಿಸುವುದಕ್ಕಲ್ಲ. ಟೀಮ್ ಆ ಒಂದು ಅಂಡರ್‌ಸ್ಕೋರಿಗೆ ಬೆಲೆ ಕೊಟ್ಟರೆ ದೊಡ್ಡ ಪ್ರೋಗ್ರಾಮ್ ಕೂಡ ಚೆನ್ನಾಗಿಯೇ ನಡೆಯುತ್ತದೆ. ಟೈಪ್‌ಸ್ಕ್ರಿಪ್ಟ್‌ನ ಪ್ರೈವೇಟ್ ಪದವೂ ಕಂಪೈಲ್ ಆಗುವವರೆಗೆ ಮಾತ್ರ, ಓಡುವಾಗ ಇರುವುದಿಲ್ಲ. ಓಡುವಾಗಲೂ ಬೇಕಾದರೆ ಜಾವಾಸ್ಕ್ರಿಪ್ಟ್ 2022ರ ಆವೃತ್ತಿಯಲ್ಲಿ ತಂದ ಹ್ಯಾಶ್ ಚಿಹ್ನೆಯ ಫೀಲ್ಡ್ ಬಳಸಬೇಕು.

ಪ್ರೈವೇಟ್ ಮೆಥಡನ್ನು ಟೆಸ್ಟ್ ಮಾಡುವುದು ಹೇಗೆ ಅಂತ ಇನ್ನೊಬ್ಬರು. ಪಬ್ಲಿಕ್ ಮೆಥಡ್ ಮೂಲಕ ಮಾಡಿ. ಟೆಸ್ಟಿಗೋಸ್ಕರ ಪಬ್ಲಿಕ್ ಮಾಡಬೇಡಿ. ಹಾಗೆ ಆಗುತ್ತಲೇ ಇಲ್ಲ, ಒಳಗಿನ ಲೆಕ್ಕ ಅಷ್ಟು ದೊಡ್ಡದು ಅಂದರೆ, ಆ ಲೆಕ್ಕಕ್ಕೆ ಬೇರೆ ಕ್ಲಾಸ್ ಬೇಕು ಅಂತ ಕೋಡೇ ಹೇಳುತ್ತಿದೆ. ಅದನ್ನು ಪ್ಯಾಕೇಜ್ ಮಟ್ಟದಲ್ಲಿ ಇಡಿ. ಜಾವಾದಲ್ಲಿ ಟೆಸ್ಟ್ ಕೂಡ ಅದೇ ಪ್ಯಾಕೇಜ್ ಹೆಸರಿನಲ್ಲಿ ಇರುವುದರಿಂದ ಸಿಗುತ್ತದೆ.

ಈಗಾಗಲೇ ಪಬ್ಲಿಕ್ ಮಾಡಿ ಆಗಿದೆ, ವಾಪಸ್ ಹೇಗೆ ತಗೊಳ್ಳೋದು ಅನ್ನುವುದು ಕೊನೆಯ ಪ್ರಶ್ನೆ. ಕೋಡ್ ಎಲ್ಲ ನಿಮ್ಮ ಟೀಮ್ ಕೈಯಲ್ಲೇ ಇದ್ದರೆ ಇವತ್ತೇ ಪ್ರೈವೇಟ್ ಮಾಡಿ ಕಂಪೈಲ್ ಮಾಡಿ, ಎರರ್ ಬಂದ ಜಾಗಗಳೇ ನಿಮ್ಮ ಕೆಲಸದ ಪಟ್ಟಿ. ಹೊರಗಿನವರು ಬಳಸುತ್ತಿದ್ದರೆ ಮೊದಲು ಬದಲಿ ಮೆಥಡ್ ಕೊಡಿ, ಹಳೆಯದಕ್ಕೆ ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಎಂದು ಗುರುತು ಹಾಕಿ, ಯಾವ ಆವೃತ್ತಿಯಲ್ಲಿ ಹೋಗುತ್ತದೆ ಅಂತ ಬರೆಯಿರಿ, ಕಾಯಿರಿ. ಜಾವಾ ಥ್ರೆಡ್ ಕ್ಲಾಸಿನ ಸ್ಟಾಪ್ ಮೆಥಡ್ ಅಪಾಯಕಾರಿ ಅಂತ 1998ರಲ್ಲೇ ಡೆಪ್ರಿಕೇಟ್ ಮಾಡಿದ್ದರು, ಕರೆದರೆ ಬರೀ ಎಕ್ಸೆಪ್ಶನ್ ಎಸೆಯುವ ಹಾಗೆ ಮಾಡಲು ಆದದ್ದು 2023ರ ಜಾವಾ 20ರಲ್ಲಿ.